ಸಬ್‌ವೂಫರಿನಲ್ಲಿ ಬೇಡದ ಗುಂಜಾರವ

ಮನೆಯಲ್ಲಿಯೇ ಚಿತ್ರಮಂದಿರದ ಅನುಭವವನ್ನು ಪಡೆಯಬೇಕೆಂದು ಹೋಮ್ ಥಿಯೇಟರನ್ನು ಅಳವಡಿಸಿಕೊಳ್ಳುವವರು ಇಂದು ಅನೇಕರು. ಅದರಲ್ಲಿ ಗುಡುಗಿನ ಮೊಳಗು, ಮೃದಂಗದ ಎಡಭಾಗದ ನಾದ ಮೊದಲಾದ ಮಂದ್ರಧ್ವನಿಗಳನ್ನು ಹೊರಡಿಸುವ ಪೆಟ್ಟಿಗೆಗೆ ಸಬ್‌ವೂಫರ್ ಎಂದು ಹೆಸರು. ಸೆಕೆಂಡಿಗೆ ಸುಮಾರು 20ರಿಂದ 120 ಕಂಪನಗಳವರೆಗಿನ ಧ್ವನಿ ಇದರ ಪಾಲಿಗೆ ಬರುತ್ತದೆ. ಚಿತ್ರವನ್ನು ನಿಲ್ಲಿಸಿದ ಮೇಲೆಯೂ ಈ ಪೆಟ್ಟಿಗೆಯು ಶ್ರುತಿಪೆಟ್ಟಿಗೆಯಂತೆ ‘ಗುಂಯ್’ ಎಂದು ಒಂದೇ ಸಮನೆ ನಾದಗೈಯುತ್ತಿದ್ದರೆ ನಾವೇನು ಮಾಡಬೇಕು? ಪೆಟ್ಟಿಗೆ ಕೆಟ್ಟಿತೆಂದು ತೀರ್ಮಾನಿಸುವ ಮುನ್ನ ಆ ನಾದವನ್ನೇ ಪರೀಕ್ಷಿಸೋಣ.

ಸದ್ದು ಯಾವಾಗ ಬರುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ಸಂಗೀತ ನುಡಿಯುವಾಗ ಮಾತ್ರ ಗಡಗಡ ಎನ್ನುವುದಾದರೆ, ಕಿಟಕಿಯ ಗಾಜೋ ಕಪಾಟಿನ ಪಾತ್ರೆಯೋ ತನ್ನ ಸಹಜ ಆವರ್ತಕ್ಕೆ ಹೊಂದುವ ಸ್ವರ ಬಂದಾಗ ತಾನೂ ಕಂಪಿಸುತ್ತಿರಬಹುದು. ಇದೇ ಅನುರಣನ. ಆ ವಸ್ತುವನ್ನು ಕೈಯಿಂದ ಒತ್ತಿ ಹಿಡಿದರೆ ಸದ್ದು ಅಡಗುತ್ತದೆ. ಸಂಗೀತವಿಲ್ಲದಾಗಲೂ ನಾದ ನಿಲ್ಲದಿದ್ದರೆ ಅದರ ಮೂಲ ವಿದ್ಯುತ್ತಿನಲ್ಲಿದೆ.

ನಮ್ಮ ದೇಶದಲ್ಲಿ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಇದು ಸಬ್‌ವೂಫರಿನ ವ್ಯಾಪ್ತಿಯೊಳಗೇ ಬೀಳುವುದರಿಂದ ಅದರ ಅಲ್ಪಾಂಶ ಒಳನುಸುಳಿದರೂ ನಮಗೆ ಕೇಳಿಸುತ್ತದೆ. ಅದು ನುಸುಳುವ ಬಗೆಯೆಂತು? ಸಬ್‌ವೂಫರೂ ರಿಸೀವರ್ ಎಂಬ ಮುಖ್ಯ ಯಂತ್ರವೂ ಬೇರೆಬೇರೆ ಪ್ಲಗ್ಗುಗಳ ಮೂಲಕ ಅರ್ತ್ ಎನ್ನುವ ಭೂಸಂಪರ್ಕವನ್ನು ಪಡೆದಿವೆಯೆಂದು ಭಾವಿಸೋಣ. ಅವೆರಡನ್ನೂ ಸೇರಿಸುವ ಸಂಕೇತದ ತಂತಿಗೆ ತಾಮ್ರದ ಹೆಣಿಗೆಯ ಕವಚವೊಂದಿದೆ. ಹೀಗೆ ಕವಚ ಮತ್ತು ಎರಡು ಭೂಸಂಪರ್ಕಗಳು ಕೂಡಿ ಒಂದು ಮುಚ್ಚಿದ ಬಳೆಯಾಗುತ್ತದೆ. ಎರಡು ಭೂಸಂಪರ್ಕಗಳ ವಿಭವದಲ್ಲಿ ಕೊಂಚ ವ್ಯತ್ಯಾಸವಿದ್ದರೂ ಬಳೆಯಲ್ಲಿ ಪ್ರವಾಹ ಹರಿಯುತ್ತದೆ. ಕವಚದ ರೋಧ 0.1 ಓಮ್, ಪ್ರವಾಹ 10 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ, ಓಮನ ನಿಯಮದಂತೆ ಕವಚದ ಎರಡು ತುದಿಗಳ ನಡುವೆ 1 ಮಿಲಿವೋಲ್ಟ್ ಉಂಟಾಗುತ್ತದೆ. ಪೆಟ್ಟಿಗೆಯೊಳಗಿನ ವರ್ಧಕವು ಇದನ್ನೂ ಸಂಗೀತವೆಂದೇ ಬಗೆದು ಹಿಗ್ಗಿಸುತ್ತದೆ.

ಇನ್ನು ಪರೀಕ್ಷೆಗೆ ತೊಡಗೋಣ. ಪ್ರತಿಯೊಂದು ತಂತಿಯನ್ನು ಕೀಳುವ ಮುನ್ನವೂ ಜೋಡಿಸುವ ಮುನ್ನವೂ ವಿದ್ಯುತ್ತನ್ನು ಆರಿಸಬೇಕು. ಮೊದಲು ಸಬ್‌ವೂಫರಿನಿಂದ ಸಂಕೇತದ ತಂತಿಯನ್ನು ಮಾತ್ರ ಬಿಡಿಸಿ ಆಲಿಸೋಣ. ನಾದ ಉಳಿದರೆ ದೋಷ ಪೆಟ್ಟಿಗೆಯೊಳಗಿದೆ. ಹಳೆಯ ಪೆಟ್ಟಿಗೆಗಳಲ್ಲಿ ಏಕಮುಖ ಪ್ರವಾಹವನ್ನು ನಯಗೊಳಿಸುವ ಕೆಪಾಸಿಟರು ಸೊರಗಿದಾಗ 100 ಆವರ್ತದ, ಎಂದರೆ ಒಂದು ಸ್ಥಾಯಿ ಮೇಲಿನ ನಾದ ಬರುವುದುಂಟು. ಕೆಪಾಸಿಟರಿನಲ್ಲಿ ಪ್ಲಗ್ಗು ತೆಗೆದ ಮೇಲೂ ವಿದ್ಯುತ್ತು ಉಳಿದಿರಬಹುದಾದುದರಿಂದ ಆ ಕೆಲಸ ನುರಿತವರಿಗೇ ಸೇರಿದುದು.

ನಾದ ನಿಂತರೆ, ತಂತಿಯನ್ನು ಮರಳಿ ಜೋಡಿಸಿ, ರಿಸೀವರಿಗೆ ಸೇರಿದ ಉಪಕರಣಗಳನ್ನು ಒಂದೊಂದಾಗಿ ಬಿಡಿಸಬೇಕು. ಹೊರಗಿನಿಂದ ಬರುವ ಕೇಬಲ್ ಟಿ.ವಿ. ತಂತಿಯು ತನ್ನದೇ ಭೂಸಂಪರ್ಕವನ್ನು ಹೊತ್ತು ತರುವುದರಿಂದ ಅನೇಕ ಬಾರಿ ಅಪರಾಧಿ ಅದೇ. ಯಾವುದನ್ನು ಬಿಡಿಸಿದಾಗ ನಾದ ಅಡಗುತ್ತದೆಯೋ ಅದು ಬಳೆಯ ಒಂದು ಕೊಂಡಿ. ಎಲ್ಲ ಉಪಕರಣಗಳನ್ನೂ ಒಂದೇ ಸ್ವಿಚ್ ಬೋರ್ಡಿನಿಂದ ನಡೆಸುವುದೂ ಸಂಕೇತದ ತಂತಿಯನ್ನು ವಿದ್ಯುತ್ ತಂತಿಯಿಂದ ದೂರವಿಡುವುದೂ ಸುಲಭ ಪರಿಹಾರಗಳು. ಅದರಿಂದಲೂ ಆಗದಿದ್ದರೆ ಸಂಕೇತದ ದಾರಿಯಲ್ಲಿ ಪ್ರತ್ಯೇಕಿಸುವ ಪರಿವರ್ತಕವೊಂದನ್ನು ಇಡಬಹುದು. 1831ರಲ್ಲಿ ಫ್ಯಾರಡೆ ಕಂಡ ತತ್ತ್ವದಂತೆ, ಅದರಲ್ಲಿ ಸಂಕೇತವು ಒಂದು ಸುರುಳಿಯಿಂದ ಇನ್ನೊಂದಕ್ಕೆ ಕಾಂತಕ್ಷೇತ್ರದ ಮೂಲಕ ದಾಟುತ್ತದೆ. ಬಳೆ ಮಾತ್ರ ತುಂಡಾಗುತ್ತದೆ.

ಮೂರು ಕಡ್ಡಿಗಳ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಕತ್ತರಿಸಿದರೂ ನಾದ ನಿಲ್ಲಬಹುದು. ಆದರೆ ಆ ಕಡ್ಡಿಯೇ ಭೂಸಂಪರ್ಕ. ಒಳಗಿನ ತಂತಿಯೊಂದು ಸಡಿಲಗೊಂಡು ಲೋಹದ ಭಾಗವನ್ನು ತಾಗಿದರೆ ಅಲ್ಲಿ 230 ವೋಲ್ಟ್ ನಿಂತಿರುತ್ತದೆ. ಮುಟ್ಟಿದವನ ದೇಹವೇ ಅದಕ್ಕೆ ನೆಲದ ದಾರಿಯಾಗುತ್ತದೆ. ಕಿವಿಯ ನೆಮ್ಮದಿಗಾಗಿ ಪ್ರಾಣವನ್ನು ಪಣವಿಡುವುದು ವಿವೇಕವಲ್ಲ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ಗಮನಿಸಿ, ಮುಂದುವರಿಯುವುದೇ ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಕ್ರಮ. ಅದು ಮನೆಯಲ್ಲಿಯೂ ಅಷ್ಟೇ ಸಲ್ಲುತ್ತದೆ.