ಹೋಸ್ ಕಳಚಿದಿರಾ?

ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಫೋನು. "ಅಕ್ಕಾರ, ಹೊರಗ ಮಳಿ ಇಲ್ಲ ಏನಿಲ್ಲ, ಬೇಸ್‌ಮೆಂಟಿನ ಗ್ವಾಡಿಯೊಳಗಿಂದ ನೀರು ಬರಾಕತ್ತೈತ್ರಿ!" ಹುಬ್ಬಳ್ಳಿ ಕಡೆಯ ಹುಡುಗಿ. ಹಿಂದಿನ ಬೇಸಿಗೆಯಲ್ಲಿ ಗಂಡ, ಮಗುವಿನೊಂದಿಗೆ ಟೆಕ್ಸಾಸ್ ಬಿಟ್ಟು ನಮ್ಮ ಮಿನ್ನೆಸೋಟಕ್ಕೆ ಬಂದು ಮನೆ ಕೊಂಡವಳು. ಊರಿನಿಂದ ಬಂದಿದ್ದ ಅತ್ತೆ ಬೆಂಡೆ ಸಸಿಗೆ ನೀರು ಹಾಕೋಣವೆಂದು ಹಿತ್ತಲ ನಲ್ಲಿ ತಿರುಗಿಸಿದ್ದಾರೆ. ಸಸಿಗೆ ಬಿದ್ದಷ್ಟೇ ನೀರು ಗೋಡೆಯೊಳಗೂ ಸುರಿದಿದೆ. ಕಾರ್ಪೆಟ್ಟು, ಕೆಳಗಿಟ್ಟಿದ್ದ ರಟ್ಟಿನ ಡಬ್ಬಗಳು, ಅವುಗಳಲ್ಲಿದ್ದ ಇಳಕಲ್ ಸೀರೆಗಳು ಎಲ್ಲ ತೊಪ್ಪೆ.

"ಚಳಿಗಾಲಕ್ಕೆ ಮುಂಚೆ ಹೋಸ್ ಕಳಚಿದ್ರಾ?" ಅಂತ ಕೇಳಿದೆ. ಹಿಂದಿನಿಂದ ಗಂಡನ ದನಿ: "ಅದು ಫ್ರಾಸ್ಟ್‌ಫ್ರೀ ನಲ್ಲಿ ಐತ್ರಿ, ಏನೂ ಆಗಂಗಿಲ್ಲಂತ ಬಿಲ್ಡರ್ ಹೇಳ್ಯಾರ್ರಿ."

ಇದೇ ಮಾತನ್ನು ಆತ ನವೆಂಬರಿನ ರಾಜ್ಯೋತ್ಸವದ ಊಟದಲ್ಲೂ ಹೇಳಿದ್ದ. ಆಗ ಹೋಳಿಗೆ ಬಡಿಸುತ್ತಿದ್ದ ನನಗೆ ವಾದ ಮಾಡಲು ಪುರಸೊತ್ತಿರಲಿಲ್ಲ. ಈಗ ಇದೆ.

ಹಿಮಕ್ಕೆ ಹೆದರಬೇಡಿ ಎಂದು ಹೆಸರಲ್ಲೇ ಹೇಳುವ ಈ ನಲ್ಲಿಯ ಒಳಗೆ ಏನಿದೆ ನೋಡಿ. ಹೊರಗೆ ಕಾಣುವ ಹಿಡಿ ಕೇವಲ ಹಿಡಿ. ಅದರಿಂದ ಒಂದು ಉದ್ದ ಕಡ್ಡಿ ಗೋಡೆಯೊಳಗೆ ಎಂಟು, ಹತ್ತು, ಹನ್ನೆರಡು ಇಂಚು ಹೋಗುತ್ತದೆ. ನೀರನ್ನು ನಿಜವಾಗಿ ತಡೆಯುವ ವಾಷರ್ ಇರುವುದು ಆ ಕಡ್ಡಿಯ ಒಳತುದಿಯಲ್ಲಿ, ಬೇಸ್‌ಮೆಂಟಿನ ಬೆಚ್ಚಗಿನ ಕಡೆ. ನಲ್ಲಿ ಮುಚ್ಚಿದ ಮೇಲೆ ವಾಷರಿನಿಂದ ಈಚೆಗೆ ಕೊಳವೆಯಲ್ಲಿ ಉಳಿದ ನೀರು ಹೊರಗೆ ಬಸಿದು ಹೋಗಬೇಕು. ಅದಕ್ಕಾಗಿಯೇ ಕೊಳವೆಯನ್ನು ಹೊರಕ್ಕೆ ತುಸು ಇಳಿಜಾರಾಗಿ ಕೂರಿಸಿರುತ್ತಾರೆ. ಬಸಿದರೆ ಕೊಳವೆ ಖಾಲಿ, ಹೆಪ್ಪುಗಟ್ಟಲು ಅಲ್ಲಿ ಏನೂ ಉಳಿಯುವುದಿಲ್ಲ. ನಲ್ಲಿಯ ಬಾಯಿಗೆ ಹೋಸ್ ಸಿಕ್ಕಿಸಿಟ್ಟರೆ ನೀರು ಬಸಿಯುವುದು ಎಲ್ಲಿಂದ? ಹೋಸ್ ತುದಿಯಲ್ಲಿ ಗನ್ ಇದ್ದರಂತೂ ಸೀಸೆಗೆ ಬಿರಡೆ ಹಾಕಿದ ಹಾಗೆ.

ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ತಾಮ್ರದ ಕೊಳವೆ ಆ ಒತ್ತಡ ತಾಳಲಾರದೆ ಉದ್ದುದ್ದ ಸೀಳುತ್ತದೆ. ಇಲ್ಲೇ ಇರುವುದು ಮೋಸ. ಸೀಳು ಬಿಟ್ಟದ್ದು ವಾಷರಿನಿಂದ ಈಚೆಗೆ. ನಲ್ಲಿ ಮುಚ್ಚಿದೆ. ಆದ್ದರಿಂದ ಜನವರಿಯಲ್ಲಿ ಒಡೆದ ಕೊಳವೆ ಏಪ್ರಿಲ್ ಮುಗಿದರೂ ಒಂದು ಹನಿ ಸೋರುವುದಿಲ್ಲ. ಚಳಿಗಾಲ ಏನೂ ತೊಂದರೆಯಿಲ್ಲದೆ ಕಳೆಯಿತು ಎಂದು ನೀವು ನಿರಾಳವಾಗಿರುತ್ತೀರಿ. ವಸಂತದಲ್ಲಿ ಮೊದಲ ಸಲ ನಲ್ಲಿ ತೆಗೆದ ದಿನ, ಹೊರಗೆ ಗಿಡದ ಮುಂದೆ ನಿಂತವರಿಗೆ ಗೊತ್ತೇ ಆಗದಂತೆ, ನೀರು ಒಳಗೆ ಸುರಿಯುತ್ತದೆ. ಗನ್ ಮುಚ್ಚಿ ಹಿಡಿದಷ್ಟೂ ಒಳಗೆ ಜೋರು.

ಹೋಸ್ ಒಂದೇ ಅಲ್ಲ, ನಲ್ಲಿಗೆ ಸಿಕ್ಕಿಸಿದ ಟೈಮರು, ಎರಡು ಕವಲಿನ ಸ್ಪ್ಲಿಟರು ಎಲ್ಲವನ್ನೂ ಕಳಚಿ. ನಮ್ಮ ಸುತ್ತಮುತ್ತ ಮೊದಲ ಹೆಪ್ಪು ಸಾಮಾನ್ಯವಾಗಿ ಅಕ್ಟೋಬರಿನಲ್ಲೇ ಬೀಳುತ್ತದೆ. 1991ರ ಹ್ಯಾಲೋವೀನ್ ಹಿಮಪಾತವನ್ನು ಇಲ್ಲಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅಕ್ಟೋಬರ್ 31ರಂದು ಶುರುವಾಗಿ ಮೂರ್ನಾಲ್ಕು ದಿನದಲ್ಲಿ ಮಿನಿಯಾಪೊಲಿಸ್‌ನಲ್ಲಿ 28 ಇಂಚಿಗೂ ಹೆಚ್ಚು ಹಿಮ ಬಿದ್ದಿತ್ತು. ಅದರಡಿ ಹೂತ ಹೋಸ್‌ಗಳು ಎಷ್ಟೋ! ನವೆಂಬರ್ ಬರಲಿ ನೋಡೋಣ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನನ್ನ ಮನೆಯಲ್ಲಿ ಇದು ಆಯುಧಪೂಜೆಯ ದಿನದ ಕೆಲಸ. ಚಾಕು, ಕತ್ತರಿ, ಕಾರು, ಲ್ಯಾಪ್‌ಟಾಪಿನ ಜೊತೆ ಫರ್ನೇಸಿಗೂ ಅರಿಸಿನ ಕುಂಕುಮ. (ಕರ್ಪೂರದ ಆರತಿ ಮಾತ್ರ ಮಹಡಿಯ ಮೇಲೆಯೇ ಮುಗಿಯಲಿ, ಗ್ಯಾಸ್ ಫರ್ನೇಸಿನ ಮುಂದೆ ಬೇಡ.) ಅಂದೇ ಹೋಸ್ ಕಳಚಿ, ನೀರು ಬಸಿದು, ಸುತ್ತಿ ಗರಾಜಿಗೆ. ಆಮೇಲೆ ಒಂದು ಬೆಚ್ಚನೆಯ ದಿನ ಕಾರು ತೊಳೆಯುವ ಆಸೆಯಾದರೆ ಸಿಕ್ಕಿಸಿಕೊಳ್ಳಿ, ಆದರೆ ಅದೇ ಸಂಜೆ ಮತ್ತೆ ಕಳಚಿ.

ಹಳೆಯ ಮನೆ ಕೊಂಡವರ ಕ್ರಮ ಬೇರೆ. ಅಲ್ಲಿ ನಲ್ಲಿ ಮಾಮೂಲಿಯದು, ಬೇಸ್‌ಮೆಂಟಿನ ಒಳಗೆ ಅದಕ್ಕೇ ಒಂದು ಪ್ರತ್ಯೇಕ ವಾಲ್ವ್ ಇರುತ್ತದೆ. ಒಳಗಿನ ವಾಲ್ವ್ ಮುಚ್ಚಿ, ಹೊರಗೆ ಹೋಗಿ ನಲ್ಲಿ ತೆರೆಯಿರಿ. ಮತ್ತೆ ಒಳಗೆ ಬಂದು, ವಾಲ್ವಿನ ಪಕ್ಕದಲ್ಲಿ ಪುಟ್ಟ ಮುಚ್ಚಳವಿದ್ದರೆ ಕೆಳಗೊಂದು ಪಾತ್ರೆ ಹಿಡಿದು ಅದನ್ನು ಸಡಿಲಿಸಿ. ಗಾಳಿ ಒಳಹೊಕ್ಕರೆ ಮಾತ್ರ ನಡುವೆ ನಿಂತ ನೀರು ಇಳಿಯುತ್ತದೆ. ಮುಚ್ಚಳ ಬಿಗಿ ಮಾಡಿ, ಹೊರಗಿನ ನಲ್ಲಿಯನ್ನು ಚಳಿಗಾಲವಿಡೀ ತೆರೆದೇ ಬಿಡಿ.

ಕಳೆದ ಚಳಿಗಾಲದಲ್ಲಿ ಕಳಚದೇ ಇದ್ದವರು, ಹಿಂದಿನ ಮಾಲೀಕರು ಏನು ಮಾಡಿದ್ದರೋ ತಿಳಿಯದವರು ವಸಂತದಲ್ಲಿ ಹೀಗೆ ಪರೀಕ್ಷಿಸಿ. ಹೋಸ್ ಇಲ್ಲದೆ ನಲ್ಲಿ ತೆರೆದು ಬಾಯಿಗೆ ಹೆಬ್ಬೆರಳು ಒತ್ತಿ. ಕೊಳವೆ ಗಟ್ಟಿಯಿದ್ದರೆ ನೀರಿನ ಒತ್ತಡ ಬೆರಳನ್ನು ತಳ್ಳಿ ಮೈಯೆಲ್ಲ ತೋಯಿಸುತ್ತದೆ. ಬೆರಳಿಗೆ ನೀರು ಸುಲಭವಾಗಿ ನಿಂತುಬಿಟ್ಟರೆ ಅದು ಬೇರೆ ದಾರಿ ಹಿಡಿದಿದೆ ಎಂದರ್ಥ. ಅದೇ ಹೊತ್ತಿಗೆ ಒಬ್ಬರು ಬೇಸ್‌ಮೆಂಟಿನಲ್ಲಿ ನಿಂತು ಗೋಡೆಗೆ ಕಿವಿ ಕೊಟ್ಟಿರಲಿ. ಗಂಡ ಹೊರಗೆ, ಹೆಂಡತಿ ಒಳಗೆ, ಕೈಯಲ್ಲಿ ಫೋನು. ಐದು ನಿಮಿಷದ ಕೆಲಸ.

ಫರ್ನೇಸಿನ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ, ವರ್ಷಕ್ಕೊಮ್ಮೆ ಗೊತ್ತಿರುವವರನ್ನು ಕರೆಸಿ. ಫಿಲ್ಟರ್ ಮಾತ್ರ ನಿಮ್ಮ ಕೈಯಲ್ಲಿದೆ. ಒಂದು ಇಂಚಿನ ಫಿಲ್ಟರ್ ಮೂರು ತಿಂಗಳು ಬರುತ್ತದೆ ಎಂದು ಡಬ್ಬದ ಮೇಲೆ ಬರೆದಿರಬಹುದು. ಆ ಲೆಕ್ಕ ಹಾಕಿದವರು ನಮ್ಮ ಅಡುಗೆಮನೆಯ ಒಗ್ಗರಣೆಯನ್ನೂ ಮೆಣಸಿನಕಾಯಿ ಬೋಂಡವನ್ನೂ ಕಂಡಿರಲಿಕ್ಕಿಲ್ಲ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಎಳೆದು ನೋಡಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಚೌಕಟ್ಟಿನ ಮೇಲಿನ ಬಾಣ ಫರ್ನೇಸಿನ ಕಡೆ ತೋರಿಸಬೇಕು.

ಹೊಸ ಮನೆಗಳಲ್ಲಿ ಫರ್ನೇಸಿನ ಗಾಳಿಯ ಕೊಳವೆಗಳು ಚಿಮಣಿಯ ಬದಲು ಪಕ್ಕದ ಗೋಡೆಯಿಂದ ಹೊರಗೆ ಬಂದಿರುತ್ತವೆ, ಎರಡು ಬಿಳಿ ಪಿವಿಸಿ ಬಾಯಿಗಳು. ಜೋರು ಹಿಮ ಬಿದ್ದ ರಾತ್ರಿ ಅವು ಮುಚ್ಚಿಹೋದರೆ ಫರ್ನೇಸ್ ತಾನಾಗಿಯೇ ನಿಂತುಬಿಡುತ್ತದೆ. ರಿಪೇರಿಯವರಿಗೆ ಫೋನ್ ಮಾಡುವ ಮೊದಲು ಬೂಟು ಹಾಕಿಕೊಂಡು ಹೋಗಿ ಕೈಯಿಂದ ಹಿಮ ತೆಗೆಯಿರಿ. ಮನೆ ಬೆಚ್ಚಗಾಗಲೆಂದು ಗ್ಯಾಸ್ ಓವನ್ ಹಚ್ಚಿ ಬಾಗಿಲು ತೆರೆದಿಡುವುದು ಮಾತ್ರ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗುವ ಪ್ರತಿ ಕೋಣೆಯಿಂದ ಹತ್ತು ಅಡಿಯೊಳಗೆ ಅದರ ಅಲಾರ್ಮ್ ಇರಬೇಕೆಂದು ಮಿನ್ನೆಸೋಟದ ಕಾನೂನೇ ಇದೆ. ಬ್ಯಾಟರಿ ಪರೀಕ್ಷೆಯನ್ನೂ ಆಯುಧಪೂಜೆಯ ಪಟ್ಟಿಗೆ ಸೇರಿಸಿ.

2019ರ ಜನವರಿ 30ರಂದು ಇಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಇತ್ತು, ಅಂದರೆ ಮೈನಸ್ 33 ಸೆಲ್ಸಿಯಸ್. ಅಂಥ ರಾತ್ರಿಗಳಲ್ಲಿ ಅಡುಗೆಮನೆಯ ಸಿಂಕ್ ಹೊರಗೋಡೆಗೆ ಅಂಟಿಕೊಂಡಿದ್ದರೆ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮನೆಯ ಶಾಖ ಕೊಳವೆಗೆ ತಲುಪಲಿ. ನಲ್ಲಿಯನ್ನು ಸಣ್ಣಗೆ ಹರಿಯಲು ಬಿಡಿ. ನೀರು ಪೋಲು ಮಾಡಬಾರದೆಂದು ಕಲಿಸಿದ ಅಮ್ಮನ ಮುಖ ಕಣ್ಣ ಮುಂದೆ ಬರುತ್ತದೆ, ನನಗೂ ಬರುತ್ತದೆ. ಒಂದು ರಾತ್ರಿಯ ಮಟ್ಟಿಗೆ ಅಮ್ಮ ಕ್ಷಮಿಸುತ್ತಾರೆ.

ಕಿಟಕಿಯ ಒಳಮೈಯಲ್ಲಿ ನೀರು ಹರಿದು ಮಂಜುಗಡ್ಡೆಯಾದರೆ ಕಿಟಕಿ ಕೆಟ್ಟಿದೆ ಎಂದು ತಿಳಿಯಬೇಡಿ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಮೆಟ್ಟಿಲ ಕಟಾಂಜನದ ಮೇಲೆ ಒದ್ದೆ ಪಂಚೆ: ಆ ಹಬೆಯೆಲ್ಲ ಹೋಗುವುದಾದರೂ ಎಲ್ಲಿಗೆ? ಒಲೆಯ ಮೇಲಿನ ಫ್ಯಾನು, ಬಚ್ಚಲಿನ ಫ್ಯಾನು ಹಾಕಿ. ಹ್ಯುಮಿಡಿಫೈಯರ್ ಇದ್ದವರು ಹೊರಗೆ ಚಳಿ ಹೆಚ್ಚಿದಷ್ಟೂ ಅದರ ಅಂಕಿ ಇಳಿಸಬೇಕು. ಹೊರಗೆ ಮೈನಸ್ 20 ಫ್ಯಾರನ್‌ಹೀಟ್ ಇದ್ದರೆ ಒಳಗೆ ಶೇ. 20ರ ತೇವವೇ ಸಾಕು. ತುಟಿ ಒಡೆಯುತ್ತದೆ, ತುಪ್ಪ ಹಚ್ಚಿಕೊಳ್ಳಿ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಊರಲ್ಲಿ ಹಂಡೆ ಉಜ್ಜಿ ತೊಳೆಯುತ್ತಿದ್ದೆವಲ್ಲ, ಇಲ್ಲಿಯ ಹಂಡೆ ಬೇಸ್‌ಮೆಂಟಿನ ಮೂಲೆಯಲ್ಲಿ ನಿಂತಿದೆ. ನಮ್ಮ ಬಡಾವಣೆಗಳ ನೀರು ಗಡಸು, ವಾಟರ್ ಹೀಟರಿನ ತಳದಲ್ಲಿ ಸುಣ್ಣ ಕೂರುತ್ತದೆ. ವರ್ಷಕ್ಕೊಮ್ಮೆ ಕೆಳಗಿನ ನಲ್ಲಿಯಿಂದ ಒಂದೆರಡು ಬಕೆಟ್ ನೀರು ಬಿಡಿ. ನೀರು ಸುಡುವಷ್ಟು ಬಿಸಿ, ಮಕ್ಕಳನ್ನು ದೂರವಿಡಿ. ಸಾಫ್ಟನರಿಗೆ ಉಪ್ಪನ್ನೂ ಅಂದೇ ಸುರಿಯಿರಿ.

ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಗ್ಯಾಸ್ ಬಿಲ್ಲು ಉಳಿಸಲು ಫರ್ನೇಸ್ ಆರಿಸಿ ಹೋಗಬಾರದು. ಥರ್ಮೋಸ್ಟಾಟ್ 55 ಫ್ಯಾರನ್‌ಹೀಟಿಗಿಂತ ಕೆಳಗೆ ಬೇಡ. ಮೇನ್ ವಾಲ್ವ್ ಮುಚ್ಚಿ, ಮನೆಯ ನಲ್ಲಿಗಳನ್ನು ತೆರೆದು ಒತ್ತಡ ಇಳಿಸಿ. ಮನೆ ಖಾಲಿಯಿದ್ದಾಗ ಒಳಗೆ ಶಾಖ ಇಟ್ಟಿರಬೇಕು, ಇಲ್ಲವೇ ನೀರು ನಿಲ್ಲಿಸಿ ಕೊಳವೆ ಬಸಿದಿರಬೇಕು ಎಂಬ ಷರತ್ತು ಬಹಳಷ್ಟು ವಿಮಾ ಪಾಲಿಸಿಗಳಲ್ಲಿದೆ. ಎರಡೂ ಮಾಡದವರಿಗೆ ಒಡೆದ ಕೊಳವೆಯ ಪರಿಹಾರ ಸಿಗದೇ ಹೋಗಬಹುದು. ಫೋನಿನಲ್ಲೇ ಮನೆಯ ಶಾಖ ನೋಡುತ್ತೇನೆ ಎನ್ನುವ ಜಾಣರಿಗೆ ಒಂದು ಮಾತು: ಕರೆಂಟು ಹೋದರೆ ಫರ್ನೇಸೂ ನಿಲ್ಲುತ್ತದೆ, ವೈಫೈಯೂ ನಿಲ್ಲುತ್ತದೆ. ಸಂಕೋಚ ಬಿಟ್ಟು ನಮ್ಮ ಕನ್ನಡ ಕೂಟದ ಯಾರಿಗಾದರೂ ಕೀಲಿ ಕೊಟ್ಟು ಹೋಗಿ. ಎರಡು ಮೂರು ದಿನಕ್ಕೊಮ್ಮೆ ಒಳಗೆ ಹೋಗಿ ನೋಡಿ ಬರುವವರಿಗೆ ಕೊಡಿ, ಗಂಟೆ ದೂರದಲ್ಲಿರುವ ಆಪ್ತ ಗೆಳೆಯರಿಗಲ್ಲ.

ಮೇನ್ ವಾಲ್ವ್ ಎಲ್ಲಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ಊರಿನಿಂದ ಬಂದ ಅತ್ತೆ ಮಾವನವರಿಗೂ. ಬೇಸ್‌ಮೆಂಟಿನಲ್ಲಿ ನೀರಿನ ಮೀಟರಿನ ಪಕ್ಕದಲ್ಲಿರುತ್ತದೆ. ಉದ್ದ ಹಿಡಿಯಿದ್ದರೆ ಕಾಲು ಸುತ್ತು ತಿರುಗಿಸಿ ಅಡ್ಡ ನಿಲ್ಲಿಸಬೇಕು, ದುಂಡನೆಯ ಹಿಡಿಯಿದ್ದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ ಹೋಗಬೇಕು. ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಕನ್ನಡದಲ್ಲಿ ಬರೆದಿಡಿ. ನೀರು ಸುರಿಯುತ್ತಿರುವ ಗೋಡೆಯ ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ "ಇದು ಏನಿರಬಹುದು?" ಎಂದು ಕೇಳುವವರು ದಯವಿಟ್ಟು ಮೊದಲು ಅದನ್ನು ಮುಚ್ಚಿ ಬನ್ನಿ. ಆಮೇಲೆ ಎಷ್ಟು ಹೊತ್ತಿನಲ್ಲಾದರೂ ನನಗೆ ಫೋನ್ ಮಾಡಿ.