ಬೀಜವೂ ನೆಲವೂ

ಪಾವಗಡದ ಹೊಲಗಳಲ್ಲಿ ಕಡಲೆಕಾಯಿ ಬಿತ್ತುವ ರೈತನು ಒಳ್ಳೆಯ ಬೀಜವನ್ನು ಆರಿಸುತ್ತಾನೆ, ನೆಲವನ್ನೂ ಹದಗೊಳಿಸುತ್ತಾನೆ. ಬೆಳೆಯು ಇವೆರಡನ್ನೂ ಅವಲಂಬಿಸಿದೆಯೆಂದು ಅವನು ಬಲ್ಲನು. ಕೆಲವು ರೋಗಗಳ ವಿಷಯದಲ್ಲಿಯೂ ಈ ಮಾತು ನಿಜ. ಮಧುಮೇಹದಿಂದ ಮೂತ್ರಪಿಂಡಗಳಿಗೆ ಒದಗುವ ಹಾನಿ ಇದಕ್ಕೊಂದು ನಿದರ್ಶನ.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳುಂಟು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಕಲ್ಮಷವನ್ನು ಒಂದೂವರೆ ಲೀಟರಿನಷ್ಟು ಮೂತ್ರದೊಡನೆ ಹೊರಹಾಕುತ್ತವೆ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿದ್ದರೆ ಈ ಶೋಧಕಗಳು ಕೆಡುತ್ತವೆ. ಆಗ ರಕ್ತದಲ್ಲಿಯೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರತೊಡಗುತ್ತದೆ. ಮೊದಮೊದಲು ನೋವಿಲ್ಲ, ಬಾವಿಲ್ಲ. ಆದುದರಿಂದ ರೋಗಿಗೆ ಇದರ ಸುಳಿವೇ ಹತ್ತುವುದಿಲ್ಲ.

ಆದರೆ ಮಧುಮೇಹವುಳ್ಳ ಎಲ್ಲರಿಗೂ ಈ ಹಾನಿ ಸಂಭವಿಸುವುದಿಲ್ಲ. ಏಕೆ? ಅಮೆರಿಕದ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲಿತು. ಮಧುಮೇಹದಿಂದ ಮೂತ್ರಪಿಂಡ ಕೆಟ್ಟಿದ್ದ ರೋಗಿಗಳ ಒಡಹುಟ್ಟಿದವರಲ್ಲಿ ಮಧುಮೇಹಿಗಳಾಗಿದ್ದ 29 ಮಂದಿಯನ್ನು ಅವರು ಪರೀಕ್ಷಿಸಿದರು. ಅವರಲ್ಲಿ 24 ಮಂದಿಗೆ ಅದೇ ತೊಂದರೆಯ ಕುರುಹುಗಳಿದ್ದವು. ಮೂತ್ರಪಿಂಡ ಕೆಡದಿದ್ದ ಮಧುಮೇಹಿಗಳ ಒಡಹುಟ್ಟಿದವರಲ್ಲಿಯಾದರೋ, ಮಧುಮೇಹವಿದ್ದ 12 ಮಂದಿಯ ಪೈಕಿ ಇಬ್ಬರಲ್ಲಿ ಮಾತ್ರ ಅದು ಕಂಡಿತು. ದಕ್ಷಿಣ ಭಾರತದ ಕುಟುಂಬಗಳಲ್ಲಿಯೂ ಇಂಥದೇ ಒಲವಿರುವುದನ್ನು ಚೆನ್ನೈನ ವೈದ್ಯರು 1999ರಲ್ಲಿ ವರದಿ ಮಾಡಿದರು.

ತಂದೆತಾಯಿಗಳಿಂದ ಮಕ್ಕಳಿಗೆ ಬರುವ ವಂಶವಾಹಿಗಳು ಇದಕ್ಕೆ ಒಂದು ಕಾರಣ. ಇದು ಒಂದೇ ವಂಶವಾಹಿಯ ಕೆಲಸವಲ್ಲ. ಹಲವು ವಂಶವಾಹಿಗಳು ಸ್ವಲ್ಪಸ್ವಲ್ಪವಾಗಿ ಪ್ರಭಾವ ಬೀರುತ್ತವೆ. ಅವುಗಳಲ್ಲಿ ಕೆಲವು ಕೇಡನ್ನು ಹೆಚ್ಚಿಸಿದರೆ, ಕೆಲವು ರಕ್ಷಣೆಯನ್ನೂ ನೀಡುತ್ತವೆ. ಇದಲ್ಲದೆ ಒಂದೇ ಮನೆಯವರು ವಂಶವಾಹಿಗಳನ್ನಷ್ಟೇ ಅಲ್ಲ, ಒಂದೇ ಒಲೆಯ ಅಡುಗೆಯನ್ನೂ ಒಂದೇ ಬಗೆಯ ರೂಢಿಗಳನ್ನೂ ಹಂಚಿಕೊಂಡಿರುತ್ತಾರೆಂಬುದನ್ನು ಮರೆಯಬಾರದು.

ಪಾವಗಡದ ಸೀಮೆಯವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಹೊಣೆಯೂ ಮೂತ್ರಪಿಂಡಗಳದೇ. ಅವು ಸೋತರೆ ಫ್ಲೋರೈಡು ದೇಹದಲ್ಲಿ ಹೆಚ್ಚಾಗಿ ಉಳಿಯುತ್ತದೆ. ಆದುದರಿಂದ ಶುದ್ಧೀಕರಿಸಿದ ನೀರು ಇಲ್ಲಿ ಬರಿಯ ಅನುಕೂಲವಲ್ಲ, ಅಗತ್ಯ.

“ನಮ್ಮ ವಂಶದ ಹಣೆಬರಹವೇ ಹೀಗೆ” ಎಂದು ಕೈಚೆಲ್ಲಿ ಕುಳಿತುಕೊಳ್ಳುವುದು ತರವಲ್ಲ. ಮನೆಯಲ್ಲಿ ಮಧುಮೇಹಿಗಳಿದ್ದರೆ ವರ್ಷಕ್ಕೊಮ್ಮೆಯಾದರೂ ಅವರ ಮೂತ್ರದ ಆಲ್ಬುಮಿನ್ನನ್ನೂ ರಕ್ತವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬೇಕು. ಸಕ್ಕರೆಯೂ ರಕ್ತದೊತ್ತಡವೂ ಹತೋಟಿಯಲ್ಲಿರಬೇಕು. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ನುಂಗಬಾರದು. ಅಜ್ಜಅಜ್ಜಿಯರಿಗೆ ಓದುಬರಹ ಬಾರದಿದ್ದರೆ, ಪರೀಕ್ಷೆಯ ಚೀಟಿಯನ್ನು ಓದಿ ಹೇಳುವ ಕೆಲಸ ನಿಮ್ಮದು.

ಬೀಜವನ್ನು ಆರಿಸಿಕೊಂಡು ಹುಟ್ಟುವುದು ಯಾರಿಗೂ ಸಾಧ್ಯವಿಲ್ಲ; ನೆಲವನ್ನು ಹಸನುಗೊಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ.