ಮನೆಮಂದಿಗೆಲ್ಲ ಒಂದು ದೂರದರ್ಶಕ: ಯಾವುದನ್ನು ಕೊಳ್ಳೋಣ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಎಂಟು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳಿದ್ದಾರೆ, ಜೊತೆಗೆ ನಮ್ಮ ಅತ್ತೆ. ತಾರಸಿಯಲ್ಲಿ ಎಲ್ಲರೂ ಸೇರಿ ಆಕಾಶ ನೋಡಲು ಒಂದು ಟೆಲಿಸ್ಕೋಪ್ ಕೊಳ್ಳಬೇಕೆಂದಿದ್ದೇವೆ. ‘525 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎನ್ನುವ ಮುಕ್ಕಾಲಿಯದೊಂದು ಆನ್‌ಲೈನ್‌ನಲ್ಲಿದೆ. ಮೇಜಿನ ಮೇಲಿಡುವ ಗಿಡ್ಡನೆಯದೂ ಒಂದಿದೆ. ಯಾವುದು ಒಳ್ಳೆಯದು?

ಉತ್ತರ: ಮೇಜಿನ ಮೇಲಿಡುವುದೇ ಒಳ್ಳೆಯದು. ಅದರಲ್ಲೂ ಕನ್ನಡಿಯ ಅಗಲ 114 ಅಥವಾ 130 ಮಿಲಿಮೀಟರ್ ಇರುವುದನ್ನು ಹುಡುಕಿ. ‘525 ಪಟ್ಟು’ ಎಂಬ ಮಾತನ್ನು ಮರೆತುಬಿಡಿ.

ದೂರದರ್ಶಕದ ನಿಜವಾದ ಬಲ ಇರುವುದು ಅದು ಎಷ್ಟು ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದರಲ್ಲಿ. ಕತ್ತಲಲ್ಲಿ ಪೂರ್ತಿ ಅರಳಿದ ನಮ್ಮ ಕಣ್ಣಿನ ಪಾಪೆಯ ಅಗಲ ಸುಮಾರು 7 ಮಿ.ಮೀ. 130 ಮಿ.ಮೀ. ಕನ್ನಡಿ ಅದರ ಮುನ್ನೂರು ಪಟ್ಟಿಗೂ ಹೆಚ್ಚು ಬೆಳಕನ್ನು ಸೇರಿಸಿಕೊಡುತ್ತದೆ. ಅಗ್ಗದಲ್ಲಿ ಸಿಗುವ 76 ಮಿ.ಮೀ. ಮಾದರಿಗೆ ಹೋಲಿಸಿದರೂ ಇದು ಹೆಚ್ಚುಕಡಿಮೆ ಮೂರು ಪಟ್ಟು. ‘ಇಷ್ಟು ಪಟ್ಟು’ ಎಂಬ ವರ್ಧನೆಯಾದರೋ ಕಣ್ಣಿಡುವ ಮಸೂರವನ್ನು, ಅಂದರೆ ಐಪೀಸನ್ನು, ಬದಲಿಸಿದರೆ ಬದಲಾಗುವ ಸಂಖ್ಯೆ. ಕನ್ನಡಿ ಅಥವಾ ಮಸೂರದ ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಅನುಭವಸ್ಥರು ಒಪ್ಪುವ ಮೇಲ್ಮಿತಿ. 70 ಮಿ.ಮೀ. ದೂರದರ್ಶಕಕ್ಕೆ ಅದು 140 ಆಯಿತು. ಅದರಲ್ಲಿ 525 ಪಟ್ಟಿಗೆ ಹಿಗ್ಗಿಸಿದರೆ ಕಾಣುವುದು ಮಂಕಾಗಿ ನಡುಗುವ ಒಂದು ಚುಕ್ಕೆ ಮಾತ್ರ.

ಮನೆಮಂದಿ ಸರದಿಯಲ್ಲಿ ನಿಂತು ನೋಡುವಾಗ ಹೆಚ್ಚಿನ ವರ್ಧನೆ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ನೋಟದೊಳಗಿನ ಗ್ರಹ ಸದಾ ಜಾರುತ್ತಿರುತ್ತದೆ. 130 ಮಿ.ಮೀ. ದೂರದರ್ಶಕಗಳ ಸಂಗಮದೂರ, ಅಂದರೆ ಫೋಕಲ್ ಲೆಂತ್, ಸಾಮಾನ್ಯವಾಗಿ 650 ಮಿ.ಮೀ. ಇರುತ್ತದೆ. ಅದಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 26 ಪಟ್ಟು, 10 ಮಿ.ಮೀ. ಹಾಕಿದರೆ 65 ಪಟ್ಟು. 65 ಪಟ್ಟಿನಲ್ಲಿ ಗುರುಗ್ರಹ ಒಂದು ಅಂಚಿನಿಂದ ಇನ್ನೊಂದಕ್ಕೆ ಸಾಗಲು ಸುಮಾರು ಮೂರು ನಿಮಿಷ ಬೇಕು. 250 ಪಟ್ಟಿನಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ದೊಡ್ಡವನು ನೋಡಿ ಸರಿಯುವಷ್ಟರಲ್ಲಿ ಚಿಕ್ಕವಳಿಗೆ ಬರೀ ಕತ್ತಲು. ‘ಏನೂ ಕಾಣ್ತಿಲ್ಲಮ್ಮ’ ಎಂದು ಎರಡು ಸಲ ಹೇಳಿದ ಮಗು ಮೂರನೆಯ ಸಲ ತಾರಸಿ ಹತ್ತುವುದಿಲ್ಲ. ಆದ್ದರಿಂದ ಕಡಿಮೆ ವರ್ಧನೆ, ಅಗಲ ನೋಟ ಇರಲಿ. ನಿಮ್ಮ ಅತ್ತೆ ಕನ್ನಡಕ ಹಾಕುವವರಾದರೆ 25 ಮಿ.ಮೀ. ಐಪೀಸಿನಲ್ಲೇ ತೋರಿಸಿ. ಕೆಲವು ಮಾದರಿಗಳ ಜೊತೆ ಬರುವ 4 ಮಿ.ಮೀ. ಐಪೀಸಿಗೆ ಕಣ್ಣನ್ನು ತೀರ ಒತ್ತಿ ಹಿಡಿಯಬೇಕಾಗುತ್ತದೆ.

ಇನ್ನು ಸ್ಟ್ಯಾಂಡಿನ ವಿಷಯ. ಅಗ್ಗದ ಮುಕ್ಕಾಲಿ ಬೆರಳು ತಾಗಿದರೆ ಅಲುಗುತ್ತದೆ, ಗಾಳಿ ಬೀಸಿದರೂ ಅಲುಗುತ್ತದೆ. ಧ್ರುವನಕ್ಷತ್ರಕ್ಕೆ ಗುರಿಯಿಟ್ಟು ತಿರುಗುವ, ಎದುರುಭಾರ ತೂಗುಬಿಟ್ಟ ‘ಈಕ್ವಟೋರಿಯಲ್’ ಸ್ಟ್ಯಾಂಡೂ ಮಾರಾಟಕ್ಕಿದೆ. ಅದು ನಮ್ಮ ಊರಿಗೆ ಒಗ್ಗದು. ಮೈಸೂರಿನ ಅಕ್ಷಾಂಶ 12 ಡಿಗ್ರಿ ಚಿಲ್ಲರೆ. ಧ್ರುವ ಇಲ್ಲಿ ದಿಗಂತದಿಂದ ಅಷ್ಟೇ ಎತ್ತರ. ಕುವೆಂಪುನಗರದಲ್ಲಿ ಉತ್ತರದ ಪಕ್ಕದ ಮನೆಯೇ ಅದನ್ನು ಮರೆಮಾಡೀತು. ಅಕ್ಷವನ್ನು ಅಷ್ಟು ಕೆಳಗೆ ಬಾಗಿಸಿದರೆ ಎದುರುಭಾರ ಮುಕ್ಕಾಲಿಯ ಕಾಲಿಗೆ ತಗಲುವುದೂ ಉಂಟು.

ಮೇಜಿನ ಮಾದರಿಗಳು ನಿಂತಿರುವುದು ಜಾನ್ ಡಾಬ್ಸನ್ (1915–2014) ಜನಪ್ರಿಯಗೊಳಿಸಿದ ಪೀಠದ ಮೇಲೆ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಕೈಯಿಂದ ತಳ್ಳಿದರೆ ಸಾಕು. ಈ ಡಾಬ್ಸನ್ ರಾಮಕೃಷ್ಣ ಪರಂಪರೆಯ ಸಾಧುವಾಗಿದ್ದವರು ಎಂಬುದು ಯಾದವಗಿರಿಯ ಆಶ್ರಮವನ್ನು ಬಲ್ಲ ಮೈಸೂರಿನವರಿಗೆ ಆಪ್ತವಾಗಬಹುದಾದ ಸಂಗತಿ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿ, ಇಪ್ಪತ್ತಮೂರು ವರ್ಷ ಸನ್ಯಾಸಿಗಳ ನಡುವೆ ಬಾಳಿದರು. ಕೈಯಲ್ಲಿ ಕಾಸಿಲ್ಲದೆ, ಹಡಗಿನ ಕಿಟಕಿಯ ಹಳೆ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ ಸೇರಿಸಿ ದೂರದರ್ಶಕ ಕಟ್ಟಿದರು. ಮಠದಿಂದ ಹೊರಬಂದ ಮೇಲೆ 1968ರಲ್ಲಿ ಗೆಳೆಯರೊಡನೆ ಕೂಟ ಕಟ್ಟಿ, ಬೀದಿಯಲ್ಲಿ ಹೋಗುವವರನ್ನು ಕರೆಕರೆದು ಚಂದ್ರನನ್ನು ತೋರಿಸಿದರು. ಎಲ್ಲರೂ ನೋಡಲಿ ಎಂದೇ ಹುಟ್ಟಿದ ಪೀಠ ಇದು. ಇದಕ್ಕಿಂತ ಸರಳವಾದದ್ದನ್ನು ನಾನು ಕಂಡಿಲ್ಲ.

ಒಂದು ತೊಡಕಿದೆ: ನೆತ್ತಿಯ ನೇರದಲ್ಲಿರುವುದನ್ನು ಈ ಪೀಠದಲ್ಲಿ ಹಿಡಿಯುವುದು ಕಷ್ಟ. ನಮ್ಮೂರಲ್ಲಿ ಗ್ರಹಗಳು ನೆತ್ತಿಯ ಹತ್ತಿರವೇ ಹಾದುಹೋಗುತ್ತವೆ. ಒಂದು ಗಂಟೆ ಕಾಯಿರಿ, 15 ಡಿಗ್ರಿಯಷ್ಟು ಪಶ್ಚಿಮಕ್ಕೆ ಸರಿದಿರುತ್ತವೆ. ಲಂಡನ್ನಿನವರು ಕೆಲವು ವರ್ಷ ದಿಗಂತದ ದಪ್ಪ ಗಾಳಿಯ ಮೂಲಕ ಗ್ರಹಗಳನ್ನು ನೋಡಬೇಕಾಗುತ್ತದೆ. ನಮಗೆ ಅವು ಎತ್ತರದ ತಿಳಿಗಾಳಿಯಲ್ಲಿ ಸಿಗುತ್ತವೆ.

ಪ್ಲಾಸ್ಟಿಕ್ ಮೇಜು ಬೇಡ. ತಾರಸಿಯಲ್ಲಿ ಬಟ್ಟೆ ಒಗೆಯುವ ಕಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಮೇಜಿಲ್ಲ. ಇಲ್ಲವಾದರೆ ಗಟ್ಟಿಯಾದ ಮರದ ಸ್ಟೂಲು. ಹಗಲೆಲ್ಲ ಕಾದ ಕಾಂಕ್ರೀಟು ಸಂಜೆ ಬಿಸಿ ಉಗುಳುವಾಗ ನೋಟ ಕಲಕುತ್ತದೆ. ಎಂಟೂವರೆ-ಒಂಬತ್ತರ ನಂತರ ಶುರುಮಾಡಿ, ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟಿರಿ. ಕೊಳವೆಯ ಮುಂಭಾಗ ತೆರೆದಿರುವ ಮಾದರಿಗೆ ಬೀದಿದೀಪದ ಬೆಳಕು ನುಗ್ಗುತ್ತದೆ. ಕಪ್ಪು ಚಾರ್ಟ್ ಪೇಪರ್ ಸುತ್ತಿದರೆ ಸರಿಹೋಗುತ್ತದೆ.

ಕೊಳ್ಳುವಾಗ ಎರಡು ಎಚ್ಚರಿಕೆ. ಕೊಳವೆ ಮೊಳದುದ್ದವಿದ್ದೂ ಸಂಗಮದೂರ 1000 ಮಿ.ಮೀ. ಎಂದು ಬರೆದಿದ್ದರೆ, ಒಳಗೊಂದು ಹೆಚ್ಚುವರಿ ಮಸೂರ ಕೂರಿಸಿರುತ್ತಾರೆ. ಹೊಸಬರಿಗೆ ಅದು ತಲೆನೋವು, ಬೇಡ. ಎರಡನೆಯದು, ಕನ್ನಡಿ ಮಾದರಿಗಳಲ್ಲಿ ಕನ್ನಡಿಗಳ ನೇರ ಆಗಾಗ ತಪ್ಪುತ್ತದೆ. ಸರಿಪಡಿಸುವುದನ್ನು ತೋರಿಸಿಕೊಡುವ ಅಂಗಡಿಯವರಿದ್ದರೆ ನಾಲ್ಕು ಕಾಸು ಹೆಚ್ಚಾದರೂ ಅವರಲ್ಲೇ ಕೊಳ್ಳಿ. ಅಷ್ಟು ಹಣ ಈಗ ಬೇಡವೆನಿಸಿದರೆ 10×50 ಬೈನಾಕ್ಯುಲರ್ ತನ್ನಿ. 525ರ ಮುಕ್ಕಾಲಿಗಿಂತ ಅದು ಎಷ್ಟೋ ಮೇಲು.

ಮೊದಲ ನೋಟ ಚಂದ್ರನದಾಗಲಿ. ಹುಣ್ಣಿಮೆಯಂದು ಬೇಡ, ಶುಕ್ಲಪಕ್ಷದ ಅಷ್ಟಮಿಯ ಆಸುಪಾಸು. ಬೆಳಕು-ನೆರಳಿನ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಚಂದ್ರನಿಗೂ ಗ್ರಹಗಳಿಗೂ ಊರಿನ ಬೆಳಕು ಅಡ್ಡಿಯಾಗದು, ಭಾನುವಾರ ಸಂಜೆ ಅರಮನೆಯ ದೀಪ ಹತ್ತಿದರೂ ಸರಿಯೇ. ಗುರುವಿನ ನಾಲ್ಕು ಚಂದ್ರರು 26 ಪಟ್ಟಿಗೇ ಸಿಗುತ್ತಾರೆ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮ್ಮತ್ತ ಅಂಚು ತಿರುಗಿಸಿ ಗೆರೆಯಾಗಿತ್ತು. ಆ ಮೇಲೆ ಮೆಲ್ಲಗೆ ತೆರೆದುಕೊಳ್ಳುತ್ತ 2032ರಲ್ಲಿ ಪೂರ್ತಿ ಅಗಲವಾಗಲಿದೆ. ನಿಮ್ಮ ಮಕ್ಕಳು ವರ್ಷವರ್ಷವೂ ಅದರ ಚಿತ್ರ ಬರೆದಿಡಲಿ.

ಏಪ್ರಿಲ್-ಮೇ ರಾತ್ರಿ ಉತ್ತರಕ್ಕೆ ಸಪ್ತರ್ಷಿಮಂಡಲ ಎದ್ದಿರುತ್ತದೆ. ಮದುವೆಯಲ್ಲಿ ಅರುಂಧತಿ ತೋರಿಸುವ ಶಾಸ್ತ್ರ ಅತ್ತೆಯವರಿಗೆ ಗೊತ್ತಿರುತ್ತದೆ. ವಸಿಷ್ಠ-ಅರುಂಧತಿಯರನ್ನು ಮಕ್ಕಳಿಗೆ ಅವರೇ ತೋರಿಸಲಿ. ಆಮೇಲೆ ದೂರದರ್ಶಕದಲ್ಲಿ ನೋಡಿದರೆ ವಸಿಷ್ಠನೊಬ್ಬನೇ ಎರಡು ನಕ್ಷತ್ರವಾಗಿ ಒಡೆದಿರುತ್ತಾನೆ. ದಾರಿ ತೋರಲು ಸ್ಟೆಲೇರಿಯಂ ಆ್ಯಪ್ ಇದೆ. ಮೈಸೂರಿನಲ್ಲೇ ನೆಲೆಸಿದ್ದ ಜಿ.ಟಿ. ನಾರಾಯಣರಾವ್ (1926–2008) ಅವರ ಖಗೋಳದ ಪುಸ್ತಕಗಳನ್ನೂ ಗ್ರಂಥಾಲಯದಲ್ಲಿ ಹುಡುಕಿ. ಬರಿಗಣ್ಣಿನ ಆಕಾಶ ಮೊದಲು ಪರಿಚಯವಾದರೆ ದೂರದರ್ಶಕ ಹತ್ತು ಪಟ್ಟು ಫಲ ಕೊಡುತ್ತದೆ.

ಸೂರ್ಯನತ್ತ ಮಾತ್ರ ಯಾವ ಕಾರಣಕ್ಕೂ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಹಗಲು ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿಡಿ. ಮುಂಗಾರು ಶುರುವಾದ ಮೇಲೆ ಕೊಂಡರೆ ತಿಂಗಳುಗಟ್ಟಲೆ ಮೋಡ ನೋಡುತ್ತ ಕೂರಬೇಕಾಗುತ್ತದೆ. ದೀಪಾವಳಿ ಕಳೆದು ಹಿಂಗಾರು ಮಳೆ ನಿಂತ ಮೇಲೆ ಕೊಳ್ಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೃತ್ತಿಕೆ, ಮಹಾವ್ಯಾಧ ಎರಡೂ ಸಂಜೆಯ ಆಕಾಶದಲ್ಲೇ ಇರುತ್ತವೆ.